ಗುಲಾಬಿಯನ್ನು ಸವರುವ ಕ್ರಮ

ಗುಲಾಬಿಯನ್ನು ತಂದು ನೆಡುವಾಗ ನಮಗಿರುವ ಉತ್ಸಾಹವು ಅದನ್ನು ಸವರುವಾಗ ಇರುವುದಿಲ್ಲ. ಕೆಲವರು ಕನಿಕರದಿಂದ ಕತ್ತರಿಯನ್ನೇ ಮುಟ್ಟರು. ಮತ್ತೆ ಕೆಲವರು ತೋಟದ ಗಿಡಗಳನ್ನೆಲ್ಲ ಒಂದೇ ಸಮನೆ ಮೊಟಕುಮಾಡುವರು. ಎರಡರಿಂದಲೂ ಹೂವಿಗೆ ನಷ್ಟವೇ. ಯಾವ ಜಾತಿಯು ಯಾವ ರೆಂಬೆಯಲ್ಲಿ ಹೂ ಬಿಡುವುದೆಂಬುದನ್ನು ತಿಳಿದ ಬಳಿಕವೇ ಕತ್ತರಿ ಹಿಡಿಯತಕ್ಕದ್ದು.

ಮೊದಲು ಹೈಬ್ರಿಡ್ ಟೀ ಜಾತಿಯನ್ನು ನೋಡೋಣ. 1867ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಲಾ ಫ್ರಾನ್ಸ್’ ಈ ವರ್ಗದ ಮೊದಲ ಗುಲಾಬಿಯೆಂದು ಪ್ರಸಿದ್ಧವಾಗಿದೆ. ಈ ಜಾತಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ. ಸವರದೆ ಬಿಟ್ಟರೆ ಚಿಗುರು ಬಡವಾಗಿ ಹೂ ಸಣ್ಣದಾಗುವುದು. ಆದುದರಿಂದ ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಬುಡಕ್ಕೇ ತೆಗೆದು, ಪುಷ್ಟವಾದ ನಾಲ್ಕೈದನ್ನು ಮಾತ್ರ ಉಳಿಸಿ, ಅವುಗಳನ್ನು ಸುಮಾರು ಅರ್ಧಕ್ಕೆ ಇಳಿಸಬೇಕು.

‘ಸೆಸಿಲ್ ಬ್ರೂನರ್’ ಮೊದಲಾದ ಪಾಲಿಯಾಂಥಗಳು ಗೊಂಚಲು ಗೊಂಚಲಾಗಿ ಹೂ ಬಿಡುವುವು. ಇವಕ್ಕೆ ಅಷ್ಟು ಕಠಿನವಾದ ಶಿಕ್ಷೆ ಬೇಡ. ಬಾಡಿದ ಗೊಂಚಲುಗಳನ್ನೂ ಸಣಕಲು ಕಡ್ಡಿಗಳನ್ನೂ ತೆಗೆದರೆ ಸಾಕು.

ಹಬ್ಬುವ ಗುಲಾಬಿಗಳ ಸ್ವಭಾವವೇ ಬೇರೆ. ಚಳಿಸೀಮೆಗಳಲ್ಲಿ ಹೆಸರಾದ, 1901ರ ‘ಡಾರತಿ ಪರ್ಕಿನ್ಸ್’ ವರ್ಷಕ್ಕೊಮ್ಮೆ, ಹಿಂದಿನ ವರ್ಷ ಬೆಳೆದ ಉದ್ದನೆಯ ರೆಂಬೆಗಳಲ್ಲಿಯೇ ಹೂ ಬಿಡುತ್ತದೆ. ಹೂ ಬಿಡುವ ಮೊದಲೇ ಅವನ್ನು ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ! ಹೂವಿನ ಕಾಲ ಮುಗಿದ ಮೇಲೆ, ಹೂ ಬಿಟ್ಟ ರೆಂಬೆಗಳನ್ನು ತೆಗೆದು ಹೊಸವನ್ನು ಉಳಿಸಿಕೊಳ್ಳಬೇಕು. ಹಬ್ಬುವ ಗಿಡದ ರೆಂಬೆಗಳನ್ನು ನೆಟ್ಟಗೆ ಬಿಡದೆ ಅಡ್ಡಲಾಗಿ ಬಾಗಿಸಿ ಕಟ್ಟಿದರೆ, ತುದಿಯಲ್ಲಿ ಮಾತ್ರವಲ್ಲದೆ ಉದ್ದಕ್ಕೂ ಇರುವ ಕಣ್ಣುಗಳು ಚಿಗುರುವುವು.

ಇನ್ನು ಕಾಲದ ಮಾತು. ಇಂಗ್ಲೆಂಡಿನ ತೋಟಗಾರರು ಸಾಮಾನ್ಯವಾಗಿ ಚಳಿ ಕಳೆಯುತ್ತ ಬಂದಾಗ, ಮಾರ್ಚಿಯ ಸುಮಾರಿಗೆ, ಸವರುವರು. ಅಲ್ಲಿ ಹಿಮವು ಗಿಡಕ್ಕೆ ವಿಶ್ರಾಂತಿಯನ್ನು ಕೊಡುತ್ತದೆ. ಬೆಂಗಳೂರಿನ ಹವೆಯಲ್ಲಿ ಅಂಥ ನಿದ್ರೆಯಿಲ್ಲ. ಇಲ್ಲಿ ಹೈಬ್ರಿಡ್ ಟೀ ಗಿಡಗಳನ್ನು ಸವರಲು ಅಕ್ಟೋಬರ್ ತಿಂಗಳು ಅನುಕೂಲವಾದುದು. ಸವರಿದ ಸುಮಾರು ಆರೇಳು ವಾರಗಳಲ್ಲಿ ಹೂ ಕಾಣಿಸುವುದು. ಕತ್ತರಿ ಹರಿತವಾಗಿರಲಿ, ಹೊರಮುಖವಾದ ಕಣ್ಣಿಗಿಂತ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಬೇಕು. ಆಗ ಹೊಸ ರೆಂಬೆ ಹೊರಕ್ಕೆ ಬೆಳೆದು ಗಿಡದ ನಡುವೆ ಗಾಳಿ ಬೆಳಕು ಆಡುವುವು.

ಕಸಿಮಾಡಿದ ಗಿಡದಲ್ಲಿ ಕಸಿಯ ಕೆಳಗಿನಿಂದ ಹೊರಡುವ ಚಿಗುರುಗಳು ಬೇರು ಕೊಟ್ಟ ಗಿಡದವು; ನಾವು ಬಯಸಿ ತಂದ ಜಾತಿಯವಲ್ಲ. ಅವನ್ನು ಹುಟ್ಟುವಲ್ಲಿಯೇ ಕಿತ್ತುಹಾಕಬೇಕು. ಬಿಟ್ಟರೆ ಅವು ಕೊಬ್ಬಿ, ಮೇಲಿನ ಗಿಡವನ್ನು ಸೊರಗಿಸುವುವು. ಬೆಲೆಕೊಟ್ಟು ತಂದ ಗುಲಾಬಿ ಕಾಡುಗುಲಾಬಿಯಾಯಿತೆಂದು ನಾವು ಮರುಗುವುದು ಬಹುಮಟ್ಟಿಗೆ ಈ ಅಲಕ್ಷ್ಯದಿಂದಲೇ.