ಅಂಗಡಿಗೊಂದು ಬಾಯಿ

ನನ್ನ ಫೋನಿನಲ್ಲಿ ಹನ್ನೊಂದು ಅಂಗಡಿಗಳಿವೆ. ಒಂದು ಸಿಹಿತಿಂಡಿಯದು, ಎರಡು ಸೀರೆಯವು, ಒಂದು ಹಲ್ಲಿನ ಆಸ್ಪತ್ರೆ, ಒಂದು ಸ್ಕೂಟರ್ ಶೋರೂಮು, ಮಿಕ್ಕವು ಅಲ್ಲೊಂದು ಇಲ್ಲೊಂದು ಬಗೆಯವು. ಪ್ರತಿಯೊಂದಕ್ಕೂ ಒಂದೊಂದು ವಾಟ್ಸಾಪ್ ಗ್ರೂಪು. ಬೆಳಗ್ಗೆ ಒಂಬತ್ತೂಕಾಲಿಗೆ ಸಿಹಿ ಅಂಗಡಿಯಾಗಿ ‘ಹೌದು ಮೇಡಂ, ಹೋಳಿಗೆಗೆ ತುಪ್ಪವನ್ನೇ ಬಳಸ್ತೀವಿ’ ಎಂದು ಇನ್‌ಸ್ಟಾಗ್ರಾಂನಲ್ಲಿ ಉತ್ತರ ಕೊಟ್ಟು, ಮೂರೇ ನಿಮಿಷಕ್ಕೆ ಹಲ್ಲಿನ ಆಸ್ಪತ್ರೆಯಾಗಿ ‘ಸಿಹಿ ತಿಂದ ಮೇಲೆ ಬಾಯಿ ಮುಕ್ಕಳಿಸಿ’ ಎಂದು ಬರೆಯುತ್ತೇನೆ. ಊರಲ್ಲಿರುವ ಅಮ್ಮನಿಗೆ ನನ್ನ ಕೆಲಸ ಏನೆಂದು ವಿವರಿಸಲು ಹೋಗಿ ಹಲವು ಸಲ ಸೋತಿದ್ದೇನೆ. ಕೊನೆಗೆ ಅವಳೇ ಒಂದು ಅರ್ಥ ಮಾಡಿಕೊಂಡಳು: ‘ಅಂಗಡಿಯೋರ ಪರವಾಗಿ ಮಾತಾಡೋದು.’ ಸ್ವಲ್ಪ ಹೊತ್ತು ಬಿಟ್ಟು, ‘ಮಾತಾಡೋಕೂ ದುಡ್ಡು ಕೊಡ್ತಾರಾ?’ ಎಂದಳು.

ಕೊಡುತ್ತಾರೆ, ತಡವಾಗಿ. ಆ ವಿಷಯಕ್ಕೆ ಆಮೇಲೆ ಬರೋಣ.

ಸೋಶಿಯಲ್ ಮೀಡಿಯಾ ಏಜೆನ್ಸಿ ಎಂದರೆ ಗಾಜಿನ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಅಂಥವೂ ಇವೆ. ಆದರೆ ಬೆಂಗಳೂರಿನ ಅಂಗಡಿ ಮುಂಗಟ್ಟುಗಳ ಪರವಾಗಿ ಮಾತಾಡುವವು ಬಹುಪಾಲು ನಮ್ಮಂಥವು: ಜಯನಗರದ ಒಂದು ಮನೆಯ ಮೂರನೇ ಮಹಡಿ, ಕೆಳಗೆ ದರ್ಶಿನಿ, ಹೊರಗೆ ಬೋರ್ಡಿಲ್ಲ, ಒಳಗೆ ಹನ್ನೆರಡು ಲ್ಯಾಪ್‌ಟಾಪು. ಒಬ್ಬರು ಕ್ಯಾಪ್ಶನ್ ಬರೆಯುತ್ತಾರೆ, ಒಬ್ಬರು ಡಿಸೈನ್ ಮಾಡುತ್ತಾರೆ, ಒಬ್ಬರು ವಿಡಿಯೊ ಕತ್ತರಿಸಿ ಜೋಡಿಸುತ್ತಾರೆ. ದುಡ್ಡು ಕೊಟ್ಟು ಓಡಿಸುವ ಜಾಹೀರಾತಿನ ಲೆಕ್ಕ ನೋಡುವವರು ಬೇರೆ. ಇವರೆಲ್ಲರ ಮತ್ತು ಅಂಗಡಿ ಮಾಲೀಕರ ನಡುವೆ ಒಬ್ಬರು ನಿಂತಿರುತ್ತಾರೆ. ನಮ್ಮ ಭಾಷೆಯಲ್ಲಿ ಅದು ‘ಕ್ಲೈಂಟ್ ಸರ್ವಿಸಿಂಗ್’. ನಾನು ಆ ನಡುವಿನವನು.

ಕಸುಬು ಹೊಸದು. ಫೇಸ್‌ಬುಕ್ ವ್ಯಾಪಾರಸ್ಥರಿಗೆಂದು ಪೇಜುಗಳನ್ನು ತೆರೆದದ್ದು 2007ರ ನವೆಂಬರಿನಲ್ಲಿ, ಇನ್‌ಸ್ಟಾಗ್ರಾಂ ಹುಟ್ಟಿದ್ದು 2010ರಲ್ಲಿ. ಮೊದಮೊದಲು ಪೇಜಿನಲ್ಲಿ ಹಾಕಿದ ಮಾತು ಪುಕ್ಕಟೆಯಾಗಿ ಸಾಕಷ್ಟು ದೂರ ಹೋಗುತ್ತಿತ್ತು. ಅದು ಬರಬರುತ್ತ ಕುಗ್ಗಿತು. 2018ರ ಜನವರಿಯಲ್ಲಿ, ನೆಂಟರಿಷ್ಟರು ಗೆಳೆಯರ ಪೋಸ್ಟುಗಳಿಗೇ ಮೊದಲ ಮಣೆ ಎಂದು ಫೇಸ್‌ಬುಕ್ ಬಾಯಿಬಿಟ್ಟು ಹೇಳಿತು. ಅಲ್ಲಿಗೆ ಅಂಗಡಿಗಳು ಹಿಂದಿನ ಸಾಲಿಗೆ ಹೋದವು, ‘ಬೂಸ್ಟ್’ ಎಂಬ ಪದ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೂ ಬಾಯಿಪಾಠವಾಯಿತು.

ಇನ್ನೊಂದು ತಿರುವು 2020ರದು. ಜೂನ್ 29ರಂದು ಟಿಕ್‌ಟಾಕ್‌ಗೆ ನಿಷೇಧ ಬಿತ್ತು. ಜುಲೈ ಮೊದಲ ಭಾಗದಲ್ಲೇ ಇನ್‌ಸ್ಟಾಗ್ರಾಂ ಭಾರತಕ್ಕೆ ರೀಲ್ಸ್ ತಂದಿತು. ಅಲ್ಲಿಯವರೆಗೆ ನಮ್ಮ ಸರಕು ಎಂದರೆ ಚೌಕಾಕಾರದ ಒಂದು ಚಿತ್ರ, ಮೂಲೆಯಲ್ಲಿ ಲೋಗೊ. ಈಗ ಮಾಲೀಕರೇ ಕ್ಯಾಮೆರಾ ಮುಂದೆ ಬರಬೇಕು. ಬರುವುದು ಸುಲಭವಲ್ಲ.

ನಮ್ಮ ಸೀರೆ ಅಂಗಡಿಯವರೊಬ್ಬರನ್ನು ನೋಡಬೇಕಿತ್ತು. ಗಾದಿಯ ಮೇಲೆ ಕೂತರೆ ಹತ್ತು ಗಿರಾಕಿಗಳನ್ನು ಒಂದೇ ಸಲಕ್ಕೆ ಮಾತಲ್ಲಿ ಕಟ್ಟಿಹಾಕುವವರು. ರಿಂಗ್ ಲೈಟ್ ಹಚ್ಚಿ, ಕಾಲರಿಗೆ ಮೈಕ್ ಸಿಕ್ಕಿಸಿದ ಕೂಡಲೇ ಶಾಲೆಯಲ್ಲಿ ಪದ್ಯ ಮರೆತ ಹುಡುಗನಾಗಿಬಿಟ್ಟರು. ‘ನಮಸ್ಕಾರ ವೀಕ್ಷಕರೇ’ ಎಂದು ಹದಿನಾಲ್ಕು ಸಲ ಶುರುಮಾಡಿದರು. ನಾವು ಬರೆದುಕೊಟ್ಟ ನಾಲ್ಕು ಸಾಲು ಅವರ ನಾಲಿಗೆಯ ಮೇಲೆ ಕಲ್ಲಿನಂತೆ ಕೂತಿತ್ತು. ಕೊನೆಗೆ ಲೈಟು ಆರಿಸಿ, ಕಾಫಿ ತರಿಸಿ, ಫೋನನ್ನು ಬಿಲ್ ಪುಸ್ತಕಕ್ಕೆ ಒರಗಿಸಿಟ್ಟೆವು. ‘ಹೀಗೇ ಇರಲಿ ಸರ್, ರೆಕಾರ್ಡ್ ಆಗ್ತಿರುತ್ತೆ’ ಎಂದು ಹೇಳಿ, ನಮ್ಮ ಡಿಸೈನರ್ ಹುಡುಗಿ ಸುಮ್ಮನೆ ಕೇಳಿದಳು: ‘ಇದು ಅಸಲಿ ರೇಷ್ಮೆ ಅಂತ ಹೇಗೆ ಗೊತ್ತಾಗುತ್ತೆ?’ ಮನುಷ್ಯ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದರು. ‘ಮೂಸಿ ನೋಡಮ್ಮ. ಕೂದಲು ಸುಟ್ಟ ವಾಸನೆ ಬರ್ತಿದೆಯಾ? ಈಗ ಬೂದಿ ಹಿಸುಕು. ಪುಡಿ ಆಯ್ತಾ? ಪಾಲಿಯೆಸ್ಟರ್ ಆಗಿದ್ರೆ ಕರಗಿ ಗಟ್ಟಿ ಮಣಿ ಆಗ್ತಿತ್ತು.’ ನಲವತ್ತು ಸೆಕೆಂಡು. ಆ ವರ್ಷ ಅವರ ಅಂಗಡಿಗೆ ಗಿರಾಕಿಗಳನ್ನು ಕರೆತಂದದ್ದು ಅದೊಂದೇ ರೀಲು. ನಾನು ಬರೆದ ನಾಲ್ಕು ಸಾಲು ಎಲ್ಲಿಗೆ ಹೋಯಿತೋ ಯಾರೂ ಕೇಳಲಿಲ್ಲ.

ಕ್ಲೈಂಟುಗಳನ್ನು ನಿಭಾಯಿಸುವುದು ಎಂದರೆ ಅವರು ಆಡಿದ ಮಾತಿನ ಹಿಂದಿನ ಮಾತು ಕೇಳಿಸಿಕೊಳ್ಳುವುದು. ತಿಂಗಳಿಗೊಮ್ಮೆ ಕ್ಯಾಲೆಂಡರ್ ಕಳಿಸುತ್ತೇವೆ: ಹನ್ನೆರಡು ಪೋಸ್ಟು, ನಾಲ್ಕು ರೀಲು, ಹಬ್ಬಹರಿದಿನ ಬೇರೆ. ‘ಸೂಪರ್’ ಎಂದು ಉತ್ತರ ಬರುತ್ತದೆ. ಮಾರನೇ ದಿನ ‘ಬಣ್ಣ ಯಾಕೋ ಡಲ್ ಅನ್ಸುತ್ತೆ’. ಹೊಸಬರು ತಕ್ಷಣ ಬಣ್ಣ ಬದಲಿಸಲು ಕೂರುತ್ತಾರೆ. ಹಳಬರು ಮೆಲ್ಲಗೆ ಕೇಳುತ್ತಾರೆ, ‘ಮನೇಲಿ ಯಾರಾದ್ರೂ ನೋಡಿದ್ರಾ ಸರ್?’ ಭಾವಮೈದುನ ನೋಡಿರುತ್ತಾನೆ. ಒಪ್ಪಿಗೆ ಕೊಡುವವರು ಒಬ್ಬರು, ತಡೆಯುವವರು ಇನ್ನೊಬ್ಬರು. ಆ ಇನ್ನೊಬ್ಬರು ಗ್ರೂಪಿನಲ್ಲಿ ಇರುವುದೇ ಇಲ್ಲ. ಅವರನ್ನು ಹುಡುಕಿ ಗ್ರೂಪಿಗೆ ಸೇರಿಸಿದ ದಿನ ಅರ್ಧ ತಲೆನೋವು ಇಳಿಯುತ್ತದೆ.

‘ವೈರಲ್ ಮಾಡ್ಕೊಡಿ’ ಎನ್ನುವವರಿಗೆ ನನ್ನಲ್ಲಿ ಇವತ್ತಿಗೂ ಒಳ್ಳೆಯ ಉತ್ತರವಿಲ್ಲ. ಪೇಜಿನ ಬೀಗದ ಕೈ ಕಥೆಯಂತೂ ಪ್ರತಿ ಹೊಸ ಕ್ಲೈಂಟಿನದೂ ಒಂದೇ. ಯಾವತ್ತೋ ಅಣ್ಣನ ಮಗ ತನ್ನ ಅಕೌಂಟಿನಿಂದ ಪೇಜು ತೆರೆದಿರುತ್ತಾನೆ. ಈಗ ಅವನು ಕೆನಡಾದಲ್ಲಿ. ಒಟಿಪಿ ಅವನಿಗೇ ಹೋಗಬೇಕು, ಅಲ್ಲಿ ನಡುರಾತ್ರಿ. ಒಮ್ಮೆ, 2021ರ ಅಕ್ಟೋಬರ್ 4ರ ರಾತ್ರಿ, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಕಣ್ಣುಮುಚ್ಚಿದವು. ಹಲ್ಲಿನ ವೈದ್ಯರು ಮಾಮೂಲಿ ಫೋನ್ ಕರೆ ಮಾಡಿ ಕೇಳಿದರು: ‘ನಮ್ಮದೊಂದೇ ಹೋಗಿದ್ಯಾ?’

ದುಡ್ಡಿನ ವಿಷಯ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಬಾಕಿ ಚುಕ್ತಾ ಆಗಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡಮಾಡಿದವರು ಆ ಮೊತ್ತವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂಬ ಬಿಗಿ 2023ರ ಬಜೆಟ್ಟಿನಲ್ಲಿ ಬಂತು. ಕಾನೂನು ನಮ್ಮ ಕಡೆಗಿದೆ. ಆದರೆ ಕ್ಲೈಂಟಿಗೆ ಕಾನೂನು ತೋರಿಸಿದವರು ಮುಂದಿನ ತಿಂಗಳ ಕ್ಯಾಲೆಂಡರ್ ಕಳಿಸುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಕಾನೂನಿನ ವಿಷಯದಲ್ಲಿ ಮಾತ್ರ ನಾನು ಹಟ ಬಿಡುವುದಿಲ್ಲ. ದುಡ್ಡು ಅಥವಾ ಉಡುಗೊರೆ ಪಡೆದು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದು ಜಾಹೀರಾತು ಎಂದು ಕಾಣುವಂತೆ ಹಾಕಬೇಕು. ಜಾಹೀರಾತು ಉದ್ಯಮದ್ದೇ ಸಂಸ್ಥೆಯಾದ ಎಎಸ್‌ಸಿಐ 2021ರಲ್ಲಿ ಈ ನಿಯಮ ತಂದಿತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೂ ಅದನ್ನೇ ಹೇಳಿತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ‘ಜಾಹೀರಾತು ಅಂತ ಹಾಕಿದ್ರೆ ಯಾರ್ರೀ ನೋಡ್ತಾರೆ?’ ಎಂದು ಸಿಹಿ ಅಂಗಡಿಯ ಮಗ ಸಿಡುಕಿದ. ನ್ಯಾಯವಾದ ಪ್ರಶ್ನೆಯೇ. ಒಳಗೆ ಕೂತಿದ್ದ ಅವನ ಅಪ್ಪ, ‘ಡಬ್ಬದ ಮೇಲೆ ಡಾಲ್ಡಾ ಅಂತ ಬರೆದ್ರೆ ಯಾರು ತಗೋತಾರೆ ಅಂದಂಗಾಯ್ತು’ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಇನ್ನು ಕನ್ನಡ. ಕನ್ನಡದ ಕೆಲಸ ಎಂದರೆ ‘ಟ್ರಾನ್ಸ್‌ಲೇಟ್ ಮಾಡಿ ಹಾಕಿ’ ಎಂದು ಬರುವ ಸಂಜೆ ಆರರ ಮೇಲ್. ಡಿಸೈನ್ ಮಾಡುವ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆರಿಸದಿದ್ದರೆ ಒತ್ತಕ್ಷರ ಕೆಳಗಿಳಿಯುವುದಿಲ್ಲ. ‘ಹಬ್ಬ’ ಹೋಗಿ ‘ಹಬ್‌ಬ’ ಆಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಾದ ಸಾಲನ್ನು ಹಾಗೇ ಇನ್‌ಸ್ಟಾಗ್ರಾಂಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹೊರರಾಜ್ಯದಲ್ಲಿ ತಯಾರಾದ ರಾಜ್ಯೋತ್ಸವದ ಶುಭಾಶಯ ತೆಲುಗು ಲಿಪಿಯಲ್ಲಿ ನಮ್ಮ ಕೈ ಸೇರಿದ್ದೂ ಉಂಟು. ಹೀಗಾಗಿ ಅಕ್ಟೋಬರ್ 31ರ ಸಂಜೆ ನಮ್ಮಲ್ಲಿ ಯಾರಾದರೂ ಗಟ್ಟಿಯಾಗಿ ಕೂಗಿ ನೆನಪಿಸುತ್ತಾರೆ: ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ.

ಊರಿನ ಮನಸ್ಸು ಓದದೆ ಮಾತಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಹೊಸ ಹುಡುಗರಿಗೆ ನಾವು 2023ರ ಏಪ್ರಿಲ್ 5 ತೋರಿಸುತ್ತೇವೆ. ಬೆಂಗಳೂರಿಗೆ ಹಾಲು ಮೊಸರು ತರುತ್ತಿದ್ದೇವೆ ಎಂದು ಅಮುಲ್ ಅಂದು ಟ್ವೀಟ್ ಮಾಡಿತು. ಬೇರೆ ಯಾವ ಊರಿನಲ್ಲಾದರೂ ಅದೊಂದು ಮಾಮೂಲಿ ಸಾಲು. ಇಲ್ಲಿ ನಂದಿನಿ ಇದೆ, ವಿಧಾನಸಭಾ ಚುನಾವಣೆಗೂ ಹೆಚ್ಚುಕಮ್ಮಿ ಒಂದು ತಿಂಗಳಷ್ಟೇ ಉಳಿದಿತ್ತು. ‘ನಂದಿನಿ ಉಳಿಸಿ’ ಎಂಬ ಹ್ಯಾಷ್‌ಟ್ಯಾಗ್ ಎದ್ದಿತು, ಪಕ್ಷಗಳು ಧುಮುಕಿದವು, ನಂದಿನಿಯನ್ನೇ ಬಳಸುತ್ತೇವೆ ಎಂದು ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೇಳಿತು. ಆ ಟ್ವೀಟಿನಲ್ಲಿ ಒಂದು ಕಾಗುಣಿತ ತಪ್ಪೂ ಇರಲಿಲ್ಲ.

ಇನ್ನೊಬ್ಬರದನ್ನು ಹೇಳುವುದು ಸುಲಭ. ನಂದೂ ಒಂದಿದೆ.

2021ರ ಅಕ್ಟೋಬರ್ 29, ಶುಕ್ರವಾರ. ಮುಂದಿನ ವಾರ ದೀಪಾವಳಿ, ನಡುವೆ ರಾಜ್ಯೋತ್ಸವ. ಎಲ್ಲ ಅಂಗಡಿಗಳ ಪೋಸ್ಟುಗಳೂ ಮುಂಚಿತವಾಗಿ ಶೆಡ್ಯೂಲ್ ಆಗಿ ಸಾಲುಗಟ್ಟಿ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ನಟ ಪುನೀತ್ ರಾಜ್‌ಕುಮಾರ್ ಆಸ್ಪತ್ರೆಯಲ್ಲಿದ್ದಾರೆ ಎಂಬ ಸುದ್ದಿ. ನಂಬಲಿಲ್ಲ. ಊಟದ ಡಬ್ಬಿಗಳು ತೆರೆದಂತೇ ಇದ್ದವು. ಸಾವಿನ ಸುದ್ದಿ ಖಚಿತವಾದಾಗ ನಮ್ಮ ವಿಡಿಯೊ ಎಡಿಟರ್ ಎದ್ದು ಟೆರೇಸಿಗೆ ಹೋದವನು ಕೆಳಗೆ ಬರಲೇ ಇಲ್ಲ. ಉಳಿದವರು ಒಂದೊಂದೇ ಅಂಗಡಿಯ ಪೋಸ್ಟುಗಳನ್ನು ಕಿತ್ತುಹಾಕತೊಡಗಿದೆವು. ಆಫರ್ ಕಿತ್ತೆವು, ಧನತ್ರಯೋದಶಿ ಕಿತ್ತೆವು, ಓಡುತ್ತಿದ್ದ ಜಾಹೀರಾತು ನಿಲ್ಲಿಸಿದೆವು. ಎಲ್ಲ ಮುಗಿಯಿತು ಎಂದುಕೊಂಡೆ. ಒಂದು ಸೀರೆ ಅಂಗಡಿಯ ಪೋಸ್ಟನ್ನು ಮಾತ್ರ ಹಿಂದಿನ ವಾರ ಬೇರೆ ಟೂಲಿನಲ್ಲಿ ನಾನೇ ಹಾಕಿಟ್ಟಿದ್ದೆ. ಮರೆತುಹೋಗಿತ್ತು.

ಸಂಜೆ ಐದಕ್ಕೆ ಅದು ಹೊರಬಿತ್ತು. ಕುಣಿಯುತ್ತಿರುವ ಹುಡುಗಿ, ಹೂಬಾಣ, ‘ಸಂಭ್ರಮ ಶುರು!’ ಆರು ನಿಮಿಷಕ್ಕೆ ನಾನು ನೋಡಿ ಅಳಿಸಿದೆ. ಅಷ್ಟರಲ್ಲಿ ಸ್ಕ್ರೀನ್‌ಶಾಟುಗಳು ಓಡಾಡುತ್ತಿದ್ದವು. ಜನ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೈದದ್ದು ಸರಿಯಾಗಿತ್ತು. ಮಾಲೀಕರ ಫೋನು ಬಂತು. ಕೂಗಾಡುತ್ತಾರೆ ಎಂದು ಕಿವಿಯಿಂದ ದೂರ ಹಿಡಿದೆ. ಅವರ ದನಿ ಒಡೆದಿತ್ತು. ‘ಅಂಗಡಿ ಬಾಗಿಲು ಹಾಕಿ ಎರಡು ಗಂಟೆ ಆಯ್ತು ಕಣ್ರಿ. ಅಲ್ಲಿ ಹೇಗೆ ತೆಗೆದಿತ್ತು?’ ಎಂದರು. ಉತ್ತರಕ್ಕೆ ಕಾಯದೆ ಇಟ್ಟರು.

ಅಂದಿನಿಂದ ಯಾವ ಪೋಸ್ಟು ಎಲ್ಲಿ ಶೆಡ್ಯೂಲ್ ಆಗಿದೆ ಎಂಬುದು ಗೋಡೆಯ ಬಿಳಿ ಬೋರ್ಡಿನ ಮೇಲೆ ಕೈಬರಹದಲ್ಲೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಅಧಿಕಾರ ಆ ದಿನದ ಪಾಳಿಯಲ್ಲಿರುವವರಿಗೆ, ಅದು ಇಂಟರ್ನ್ ಆದರೂ ಸರಿ. ಯಾರನ್ನೂ ಕೇಳಬೇಕಿಲ್ಲ.

ಆ ಸಲ ಮೂರು ದಿನ ಯಾವ ಅಂಗಡಿಯ ಪರವಾಗಿಯೂ ನಾವು ಬಾಯಿ ತೆರೆಯಲಿಲ್ಲ. ನವೆಂಬರ್ 1ರಂದು ಬಾವುಟವೊಂದನ್ನು ಹಾಕಿದೆವು, ಲೋಗೊ ಇಲ್ಲದೆ. ಲೋಗೊ ದೊಡ್ಡದು ಮಾಡಿ ಎಂದು ಅಂದು ಯಾರೂ ಕೇಳಲಿಲ್ಲ. ತಿಂಗಳ ಬಿಲ್ಲು ಕಳಿಸಿದ ಮೇಲೆ ಸ್ಕೂಟರ್ ಶೋರೂಮಿನ ಅಕೌಂಟೆಂಟ್ ಫೋನ್ ಮಾಡಿದರು. ಮೂರು ದಿನ ಪೋಸ್ಟ್ ಹಾಕಿಲ್ಲವಲ್ಲ, ಅಷ್ಟನ್ನು ಕಳೆದು ಕಳಿಸಿ ಎಂದರು. ಕಳೆದು ಕಳಿಸಿದೆವು.