ನಿಮಗಿದು ಗೊತ್ತೆ? ಕತ್ತಿನ ಹಿಂದಿನ ಆ ಉಬ್ಬು ಯಾವುದು?

ತಲೆ ಬಗ್ಗಿಸಿ, ಕತ್ತಿನ ಹಿಂದೆ ಬೆರಳಾಡಿಸುತ್ತಾ ಕೆಳಗಿಳಿಯಿರಿ. ಹೆಗಲಿನ ಮಟ್ಟದಲ್ಲಿ ಗಟ್ಟಿ ಉಬ್ಬೊಂದು ಕೈಗೆ ತಗಲುತ್ತದಲ್ಲ, ಅದು ಸಾಮಾನ್ಯವಾಗಿ ಕತ್ತಿನ 7ನೇ ಕಶೇರುಮಣಿಯ ಹಿಂಚಾಚು. (ಕೆಲವರಲ್ಲಿ ಅದರ ಕೆಳಗಿನ ಮಣಿಯದೇ ಹೆಚ್ಚು ಉಬ್ಬಿರುವುದೂ ಉಂಟು.) ಬಗ್ಗಿದಾಗ ಬೆನ್ನ ಮೇಲೆ ಸಾಲಾಗಿ ಕಾಣುವ ಗಂಟುಗಳೆಲ್ಲ ಇಂಥ ಚಾಚುಗಳ ತುದಿಗಳೇ. ಭಾರ ಹೊರುವ ದಪ್ಪ ಭಾಗ ಇರುವುದು ಒಳಗೆ, ಬೆನ್ನುಹುರಿಗೂ ಮುಂದೆ.

ಸಾಮಾನ್ಯವಾಗಿ ಒಂದು ಮಣಿಗೆ 7 ಚಾಚುಗಳು: ಹಿಂದಕ್ಕೆ 1, ಅಕ್ಕಪಕ್ಕಕ್ಕೆ 2, ಮೇಲಿನ ಹಾಗೂ ಕೆಳಗಿನ ಮಣಿಗಳೊಂದಿಗೆ ಕೀಲಾಗಿ ಕೂರಲು 4. ಎದೆಯ ನಡುಭಾಗದಲ್ಲಿ ಹಿಂಚಾಚುಗಳು ಹೆಂಚು ಹೊದೆಸಿದಂತೆ ಒಂದರ ಮೇಲೊಂದು ಇಳಿಬಿದ್ದಿವೆ. ಸೊಂಟದಲ್ಲಿ ಮಾತ್ರ ಮೊಂಡಾಗಿ, ನೇರ ಹಿಂದಕ್ಕೆ ಚಾಚಿವೆ. ಸಿಸೇರಿಯನ್‌ಗೆ ಮುನ್ನ ಅರಿವಳಿಕೆ ತಜ್ಞರು ಸೂಜಿ ತೂರಿಸುವುದು ಅಲ್ಲಿನ ಸಂದಿಯಲ್ಲೇ.

ಈ ನಿಯಮಕ್ಕೆಲ್ಲ ಹೊರತಾದದ್ದು ತುತ್ತತುದಿಯ ಮಣಿ, ಅಟ್ಲಾಸ್. ಅದಕ್ಕೆ ದಪ್ಪ ಭಾಗವೂ ಇಲ್ಲ, ಹಿಂಚಾಚೂ ಇಲ್ಲ. ಅದು ಬರೀ ಉಂಗುರ. 2ನೇ ಮಣಿಯಿಂದ ಮೇಲೆದ್ದ ಮೂಳೆಯ ಗೂಟವೊಂದು ಅದರೊಳಗೆ ನಿಂತಿದೆ. ನಾವು ‘ಊಹೂಂ’ ಎಂದು ತಲೆಯಾಡಿಸಿದಾಗಲೆಲ್ಲ ತಲೆ ಹೊತ್ತ ಉಂಗುರ ಹೊರಳುವುದು ಈ ಗೂಟದ ಸುತ್ತಲೇ.