ಅಮ್ಮನ ಕಣ್ಣಂಚಿನ ಇಂಕಿನ ಚುಕ್ಕೆ

ಅಮ್ಮನನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗೋಕೆ ಸ್ವಲ್ಪ ಮುಂಚೆ ಡಾಕ್ಟರು ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ಪೆನ್ನಿನಂಥದ್ದೊಂದನ್ನು ಕೈಗೆತ್ತಿಕೊಂಡರು. ಕಪ್ಪುಗುಡ್ಡೆಯ ಅಂಚಿನಲ್ಲಿ ಇಂಕಿನ ಚುಕ್ಕೆ ಇಡ್ತಾರಂತೆ! ಇಷ್ಟು ದುಬಾರಿ ಮಷೀನುಗಳ ಮಧ್ಯೆ ಇದೇನಪ್ಪಾ ಹೈಸ್ಕೂಲ್ ಜಾಮಿಟ್ರಿ ಅನ್ನಿಸಿತು.

ಅಮ್ಮನಿಗೆ ಎರಡೂ ಕಣ್ಣಲ್ಲಿ ಪೊರೆ. ಜೊತೆಗೆ ಚಿಕ್ಕಂದಿನಿಂದ ಸಿಲಿಂಡರ್ ಪವರ್, ಅಂದರೆ ಅಸ್ಟಿಗ್ಮ್ಯಾಟಿಸಂ. ಕಣ್ಣಿನ ಮುಂಭಾಗದ ಕಾರ್ನಿಯಾ ಚೆಂಡಿನ ಹಾಗೆ ಎಲ್ಲ ಕಡೆಗೂ ಸಮನಾಗಿ ಬಾಗಿರದೆ, ಚಮಚದ ಬೆನ್ನಿನ ಹಾಗೆ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ಮಾಮೂಲಿ ಲೆನ್ಸ್ ಹಾಕಿದರೆ ಪೊರೆ ಹೋಗುತ್ತೆ, ಈ ಮಸುಕು ಉಳಿಯುತ್ತೆ. ಅದಕ್ಕೇ ಟೋರಿಕ್ ಲೆನ್ಸ್.

ಅಮ್ಮ ತಿಪಟೂರಿನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಹೊಲಿಗೆಗೆ ಹತ್ತಿರದ ಕನ್ನಡಕ ಆಮೇಲೂ ಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅವಳ ಆಸೆ ಬೇರೆ. 'ಬಸ್ ಸ್ಟ್ಯಾಂಡಲ್ಲಿ ಬೋರ್ಡ್ ಯಾವುದು ಅಂತ ಯಾರನ್ನೂ ಕೇಳೋ ಹಾಗಾಗಬಾರ್ದು ಕಣೋ' ಅಂದಿದ್ದಳು.

ಮಲಗಿದರೆ ಕಣ್ಣು ತಿರುಗುತ್ತೆ

ಟೋರಿಕ್ ಲೆನ್ಸಿನ ವಿಶೇಷ ಏನೆಂದರೆ ಅದಕ್ಕೆ ದಿಕ್ಕಿದೆ. ಲೆನ್ಸ್ ಮೇಲಿನ ಗುರುತು ಕಣ್ಣಿನ ನಿರ್ದಿಷ್ಟ ಡಿಗ್ರಿಗೆ ಸರಿಯಾಗಿ ಕೂರಬೇಕು. ಆ ಡಿಗ್ರಿಯನ್ನು ಅಳೆಯುವುದು ನಾವು ಕೂತಿದ್ದಾಗ, ಆಪರೇಷನ್ ಮಾಡುವುದು ಮಲಗಿದ್ದಾಗ. ಮಲಗಿದ ಕೂಡಲೇ ಕಣ್ಣುಗುಡ್ಡೆ ಗೊತ್ತಾಗದ ಹಾಗೆ ಸ್ವಲ್ಪ ತಿರುಗುತ್ತದೆ. ಸಾಮಾನ್ಯವಾಗಿ 2ರಿಂದ 4 ಡಿಗ್ರಿ, ಕೆಲವರಲ್ಲಿ 10 ದಾಟುವುದೂ ಉಂಟು. ಅದಕ್ಕೇ ಕೂತಿರುವಾಗಲೇ ಗುರುತು ಹಾಕಬೇಕು. ಒಳಗೆ ಡಿಗ್ರಿ ಬರೆದ ಉಂಗುರವನ್ನು ಈ ಚುಕ್ಕೆಗಳಿಗೆ ಹೊಂದಿಸಿಯೇ ಲೆನ್ಸಿನ ದಿಕ್ಕು ಗೊತ್ತುಮಾಡುತ್ತಾರೆ.

ನಾಲ್ಕು ಡಿಗ್ರಿಗೆ ಏನಾಗುತ್ತೆ ಅಂತೀರಾ? ಲೆನ್ಸ್ 1 ಡಿಗ್ರಿ ತಪ್ಪಿದರೆ ಅದರ ಸಿಲಿಂಡರ್ ಪ್ರಯೋಜನದಲ್ಲಿ ಸುಮಾರು ಶೇ 3.3 ನಷ್ಟ. 10 ಡಿಗ್ರಿಗೆ ಮೂರನೇ ಒಂದು ಭಾಗ ಹೋಯಿತು. 30 ಡಿಗ್ರಿ ತಪ್ಪಿದರೆ ಟೋರಿಕ್ ಹಾಕಿಸಿದ್ದೇ ದಂಡ. ಅದಕ್ಕೂ ಹೆಚ್ಚಾದರೆ ಇದ್ದ ಸಿಲಿಂಡರ್ ಇನ್ನೂ ಜಾಸ್ತಿ ಆಗುತ್ತೆ.

ನಾನು ಎಂಜಿನಿಯರ್ ಅಲ್ಲವಾ, ಮೊಬೈಲಲ್ಲಿ ಲೆಕ್ಕ ಹಾಕಿದೆ. ಕಾರ್ನಿಯಾ ಅಗಲ ಸುಮಾರು 12 ಮಿಲಿಮೀಟರ್. ಸುತ್ತಳತೆ 38ರ ಹತ್ತಿರ. ಅಂದರೆ ಅಂಚಿನಲ್ಲಿ 1 ಮಿಲಿಮೀಟರ್ ಅಂದ್ರೆ ಹತ್ತಿರ ಹತ್ತಿರ 10 ಡಿಗ್ರಿ! ಇಂಕು ಅರ್ಧ ಮಿಲಿಮೀಟರ್ ಹರಡಿದರೆ ಸುಮಾರು 5 ಡಿಗ್ರಿ ಅಲ್ಲೇ ಗೊಂದಲ. ಪೆನ್ನು ನೋಡಿ ನಕ್ಕವನಿಗೆ ಈಗ ಬಾಯಿ ಒಣಗಿತು.

'ತಲೆ ನೆಟ್ಟಗಿಡಿ ಅಮ್ಮಾ'

ಮೂವತ್ತು ವರ್ಷ ಹೊಲಿಗೆ ಮಷೀನ್ ಮುಂದೆ ಕೂತು ಅಮ್ಮನ ತಲೆ ಬಲಕ್ಕೆ ವಾಲುವ ಅಭ್ಯಾಸ. ಡಾಕ್ಟರು 'ತಲೆ ನೆಟ್ಟಗೆ' ಅಂದರೆ ನೆಟ್ಟಗಿಡುತ್ತಾಳೆ, ಮರುಕ್ಷಣ ಮತ್ತೆ ವಾಲುತ್ತಾಳೆ. ನಾಲ್ಕು ಸಲ ಹೀಗೇ ಆಯ್ತು. ನನಗೆ ಹನ್ನೊಂದಕ್ಕೆ ಕಾಲ್ ಇತ್ತು. 'ಅಂದಾಜಿಗೆ ಹಾಕಿದ್ರೆ ಆಗಲ್ವಾ ಡಾಕ್ಟ್ರೇ?' ಅಂತ ಕೇಳಿಯೇಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ಇವರ ತಲೆ ಎಷ್ಟು ವಾಲಿದೆಯೋ ಅಷ್ಟು ತಪ್ಪು ಈ ಚುಕ್ಕೇಲೂ ಇರುತ್ತೆ. ಒಳಗೆ ನಾನು ಎಷ್ಟೇ ಚೆನ್ನಾಗಿ ಮಾಡಿದ್ರೂ ಅದು ಸರಿಹೋಗಲ್ಲ' ಅಂದರು.

ನಮ್ಮ ಕೆಲಸದಲ್ಲೂ ಇದೇ ತಾನೇ? ಇನ್‌ಪುಟ್ ತಪ್ಪಿದ್ದರೆ ಕೋಡ್ ಎಷ್ಟು ಚೆನ್ನಾಗಿದ್ದರೂ ಉತ್ತರ ತಪ್ಪು. ನಾನು ಫೋನ್ ಸೈಲೆಂಟ್ ಮಾಡಿ ಅಮ್ಮನ ಹಿಂದೆ ನಿಂತೆ. ಐದನೇ ಸಲಕ್ಕೆ ಚುಕ್ಕೆ ಬಿತ್ತು.

ಈಗ ಕೆಲವು ಕಡೆ ಡಿಜಿಟಲ್ ವ್ಯವಸ್ಥೆ ಬಂದಿದೆ. ಕೂತಿರುವಾಗ ಕಣ್ಣಿನ ರಕ್ತನಾಳಗಳ ಫೋಟೊ ತೆಗೆದು, ಆಪರೇಷನ್ ವೇಳೆ ಮೈಕ್ರೋಸ್ಕೋಪಿನಲ್ಲಿ ಅದಕ್ಕೇ ಹೊಂದಿಸಿ ದಿಕ್ಕು ತೋರಿಸುತ್ತದೆ. ಅದಿಲ್ಲ ಅಂತ ಹೆದರಬೇಕಿಲ್ಲ. ಎಚ್ಚರದಿಂದ ಕೈಯಲ್ಲಿ ಹಾಕಿದ ಗುರುತೂ ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಎರಡರಲ್ಲೂ ತಲೆ ನೆಟ್ಟಗಿರಬೇಕು.

ಅಪ್ಪ ಅಮ್ಮನನ್ನು ಕರೆದೊಯ್ಯುವ ಮುನ್ನ

* ಗುರುತು ಹೇಗೆ ಹಾಕ್ತೀರಿ, ಕೂರಿಸಿಯೇ ಹಾಕ್ತೀರಾ ಅಂತ ಸಂಕೋಚವಿಲ್ಲದೆ ಕೇಳಿ.
* ಬೆನ್ನು, ತಲೆ ನೆಟ್ಟಗೆ, ನೋಟ ದೂರಕ್ಕೆ. ಮನೆಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ.
* ಗುರುತು ಬಿದ್ದ ಮೇಲೆ ಕಣ್ಣು ಉಜ್ಜಬಾರದು. ನೀರು ಸುರಿದು ಇಂಕು ಹರಡಿದ ಹಾಗಿದ್ದರೆ ತಕ್ಷಣ ಹೇಳಿ.
* ಲೆನ್ಸ್ ಆಮೇಲೂ ಜರುಗಬಹುದು, ಅದೂ ಹೆಚ್ಚಾಗಿ ಮೊದಲ ದಿನವೇ. ಮಸುಕು ಉಳಿದರೆ 'ವಯಸ್ಸಾಯ್ತು' ಅಂತ ಸುಮ್ಮನಿರಬೇಡಿ. ಬೇಗ ಗೊತ್ತಾದರೆ ಲೆನ್ಸನ್ನು ತಿರುಗಿಸಿ ಸರಿಮಾಡಬಹುದು.

ಮೂರು ವಾರ ಆದಮೇಲೆ ಅಮ್ಮ ತಿಪಟೂರು ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದಳು. 'ಅರಸೀಕೆರೆ ಬಸ್ ಬಂತು ಇಡ್ತೀನಿ' ಅಂದಳು. ಬೋರ್ಡ್ ಯಾರು ಓದಿದ್ದು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ತಿಂಗಳು. ಆ ದಿನ ರಜೆ ಹಾಕಿದ್ದೇನೆ.